ಹುಣಸೆತೋಪಿಗೆ ಬಡ್ತಿ ಕೇಳಿದ ಮುನಿವೆಂಕಟಮ್ಮ

ಮುನಿವೆಂಕಟಮ್ಮನ ವಿಷಯ ಹೇಳುವುದಾದರೆ ಅವಳ ಸೊಂಟದಿಂದಲೇ ಶುರು ಮಾಡಬೇಕು. ಸೊಂಟನೋವಿನ ಕಥೆಯಲ್ಲ, ಅದು ನನ್ನದು, ಅದನ್ನು ಕೇಳುವವರು ಯಾರೂ ಇಲ್ಲ. ಅವಳ ಸೊಂಟದಲ್ಲಿ ಯಾವಾಗಲೂ ಒಂದು ಕೀಗೊಂಚಲು ಇರುತ್ತದೆ. ತಾರಸಿ ಬಾಗಿಲಿನದು, ನೀರಿನ ಮೋಟರಿನದು, ಬಾಡಿಗೆ ಮನೆಗಳ ಮೀಟರ್ ಪೆಟ್ಟಿಗೆಯದು. ಅವುಗಳ ನಡುವೆ ಕೆಂಪು ದಾರ ಸುತ್ತಿದ ಒಂದು ಉದ್ದನೆಯ ಕೀ. ಅದು ಅವಳ ಮನೆಯದಲ್ಲ, ಹುಣಸೆತೋಪಿನ ಗೇಟಿನದು. ಮನೆಯ ಕೀಗಳನ್ನು ಸೊಸೆ ಶ್ವೇತ ಕೇಳಿದರೆ ಬಿಚ್ಚಿ ಕೊಡುತ್ತಾಳೆ. ಆ ಕೆಂಪು ದಾರದ್ದನ್ನು ಮಾತ್ರ ಕೇಳಿದರೆ, "ಅದು ಎಲ್ರದ್ದು, ಅದಕ್ಕೇ ಯಾರಿಗೂ ಕೊಡಲ್ಲ" ಎನ್ನುತ್ತಾಳೆ. ಈ ಮಾತು ತಲೆಕೆಳಗಾಗಿದೆ ಅಂತ ನನಗೂ ಅನಿಸಿತ್ತು. ಈಗ ಅನಿಸುವುದಿಲ್ಲ.

ನಾನು ನಾಗಲಕ್ಷ್ಮಮ್ಮ, ಅವಳ ಮನೆಯ ಬಾಡಿಗೆಯವಳು. ಮೂವತ್ತೊಂದು ವರ್ಷದ ಹಿಂದೆ ಚಾಮರಾಜಪೇಟೆಯಿಂದ ಗಂಡ, ಇಬ್ಬರು ಮಕ್ಕಳು, ಒಂದು ತುಳಸಿ ಕುಂಡದ ಜೊತೆ ಸಾರಕ್ಕಿಗೆ ಬಂದೆ. ಒಂದು ವರ್ಷ ಇದ್ದು ನೋಡೋಣ ಅಂತ ಬಂದದ್ದು. ಈಗ ಗಂಡ ಇಲ್ಲ, ಮಕ್ಕಳು ಪದ್ಮನಾಭನಗರದಲ್ಲಿ ಇದ್ದಾರೆ, ತುಳಸಿ ಇದೆ, ನಾನೂ ಇದ್ದೇನೆ. ಇದನ್ನು ಬರೆದುಕೊಳ್ಳುತ್ತಿರುವವಳು ನನ್ನ ಮೊಮ್ಮಗಳು ಕಲ್ಯಾಣಿ. ನಡುನಡುವೆ "ಅಜ್ಜಿ, ಪಾಯಿಂಟಿಗೆ ಬನ್ನಿ" ಅನ್ನುತ್ತಾಳೆ. ಬರುತ್ತೇನಮ್ಮ. ಪಾಯಿಂಟು ಎಲ್ಲಿಗೂ ಓಡಿಹೋಗುವುದಿಲ್ಲ.

ಮುನಿವೆಂಕಟಮ್ಮ ಹದಿನೇಳಕ್ಕೆ ಮದುವೆಯಾಗಿ ಬಂದಾಗ ಸಾರಕ್ಕಿ ಇನ್ನೂ ಊರು. ಅತ್ತೆಮನೆಗೆ ಮೂರು ಎಕರೆ ಇತ್ತು. ರಾಗಿ, ಅವರೆ, ಒಂದು ಪಟ್ಟಿ ಕನಕಾಂಬರ. ಲೇಔಟ್ ಬಂತು, ಹೊಲದ ಮೇಲೆ ರಸ್ತೆಗಳು ಬಂದವು. ಕೈಯಲ್ಲಿ ಉಳಿದದ್ದು ಒಂದು ಸೈಟು. ಅದರ ಮೇಲೆ ಒಂದೊಂದೇ ಮಹಡಿ ಏರಿಸಿ ನಮ್ಮಂಥವರಿಗೆ ಬಾಡಿಗೆ ಕೊಟ್ಟಳು. ಆದರೆ ಅವಳ ತಲೆಯೊಳಗಿನ ನಕ್ಷೆ ಮಾತ್ರ ಬದಲಾಗಲಿಲ್ಲ. ಒಮ್ಮೆ ಜಯನಗರದಿಂದ ಆಟೋದಲ್ಲಿ ಬರುವಾಗ ಅವಳು, "ಅವರೆ ಹೊಲದ ಹತ್ರ ನಿಲ್ಸಪ್ಪ" ಎಂದಳು.

"ಅವರೆ ಹೊಲ ಅಂದ್ರೆ ಬಸ್ ಸ್ಟಾಪಾ ಅಜ್ಜಿ?" ಎಂದು ಆಟೋದವನು ಕೇಳಿದ.

"ಬೇಕರಿ ಕಣಪ್ಪ."

"ಬೇಕರಿ ಅನ್ನಿ ಮತ್ತೆ!"

"ಬೇಕರಿ ನಿನ್ನೆ ಮೊನ್ನೆ ಬಂದಿದ್ದು."

ಆ ಬೇಕರಿಗೆ ಇಪ್ಪತ್ತಾರು ವರ್ಷ.

ಬೇಕರಿಯ ಹಿಂದಿನ ಎರಡನೇ ಅಡ್ಡರಸ್ತೆ ಮುಗಿಯುವ ಕಡೆ ಹುಣಸೆತೋಪು. ಹಿಂದೆ ಊರೂರಿಗೂ ಇಂಥ ಒಂದು ತೋಪು ಇರುತ್ತಿತ್ತಂತೆ, ಯಾರ ಮನೆಗೂ ಸೇರದೆ ಇಡೀ ಊರಿಗೆ ನೆರಳು ಕೊಡುವ ಜಾಗ. ನಮ್ಮದು ಒಂದು ಎಕರೆ ನಾಲ್ಕು ಗುಂಟೆ. ಇಪ್ಪತ್ತಮೂರು ಹುಣಸೆ ಮರ, ಒಂದಿಷ್ಟು ಹೊಂಗೆ, ಒಂದು ಅತ್ತಿ, ಒಂದು ದೊಡ್ಡ ಹುತ್ತ. ಸುತ್ತ ನಾಲ್ಕು ನಾಲ್ಕು ಮಹಡಿ ಕಟ್ಟಡಗಳು ಇಣುಕಿ ನೋಡುತ್ತ ನಿಂತಿವೆ. ನಡುವೆ ಕೆಲವು ವರ್ಷ ಅದು ಯಾರಿಗೂ ಬೇಡವಾಗಿ, ಒಡೆದ ಕಮೋಡು, ಗೋಡೆಯ ಪುಡಿ, ಹಳೇ ಹಾಸಿಗೆ ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು.

ಆಗ ಬಂದವಳು ಸೌಮ್ಯ. ಎದುರಿನ ಅಪಾರ್ಟ್‌ಮೆಂಟಿನ ಹುಡುಗಿ. ಹುಡುಗಿ ಅಂದರೆ ನಲವತ್ತು ಇರಬಹುದು, ನನಗೆ ಎಲ್ಲರೂ ಹುಡುಗಿಯರೇ. ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ. ಸರ್ಕಾರಿ ಆಫೀಸಿಗೆ ಅಲೆದು, ತೋಪನ್ನು ನೋಡಿಕೊಳ್ಳಲು ಒಪ್ಪಿಗೆ ತಂದು, 'ತೋಪಿನ ಬಳಗ' ಅಂತ ಒಂದು ವಾಟ್ಸಾಪ್ ಗುಂಪು ಮಾಡಿದಳು. ಪ್ರತಿ ಶನಿವಾರ ಬೆಳಗ್ಗೆ ಹತ್ತು ಹದಿನೈದು ಜನ ಗ್ಲೌಸು ಹಾಕಿಕೊಂಡು ಬಂದು ಕಸ ಎತ್ತುವುದು, ಕಳೆ ಕೀಳುವುದು, ಗಿಡ ನೆಡುವುದು. ಯಾರಿಗೂ ಸಂಬಳವಿಲ್ಲ, ಕೊನೆಯಲ್ಲಿ ಒಂದು ಕಾಫಿ.

ಮೊದಲನೇ ಶನಿವಾರ ಮುನಿವೆಂಕಟಮ್ಮ ಅಲ್ಲಿಗೆ ಹೋದದ್ದು ಸಹಾಯಕ್ಕಲ್ಲ, ಜಗಳಕ್ಕೆ. ಅವರು ಕಿತ್ತು ರಾಶಿ ಹಾಕಿದ್ದ 'ಕಳೆ'ಯನ್ನು ತಾರಸಿಯ ಮೇಲಿಂದ ನೋಡಿ, ಒಣಹಾಕುತ್ತಿದ್ದ ಒದ್ದೆ ಸೀರೆಯನ್ನು ಅರ್ಧಕ್ಕೇ ಬಿಟ್ಟು ಓಡಿದಳು. ಹಿಂದೆಯೇ ನಾನು, ಕ್ಲಿಪ್ಪಿನ ಡಬ್ಬಿ ಹಿಡಿದುಕೊಂಡು.

"ಏಯ್, ಯಾರ್ ಹೇಳಿದ್ದು ಇದನ್ ಕೀಳಕ್ಕೆ? ಕಣ್ ಕಾಣ್ಸಲ್ವಾ?"

"ಆಂಟಿ, ಅದು ವೀಡ್ಸು..." ಎಂದಳು ಸೌಮ್ಯ.

"ವೀಡ್ಸೂ ಇಲ್ಲ ಗೀಡ್ಸೂ ಇಲ್ಲ. ಅಣ್ಣೆಸೊಪ್ಪು ಕಣಮ್ಮ! ಇದು ಗಣಿಕೆ. ಅಯ್ಯೋ, ಹೊನಗೊನೆನೂ ಕಿತ್ತಾಕಿದೀರಲ್ಲ! ಮೂರು ದಿನದ ಸಾರನ್ನ ತಿಪ್ಪೆಗೆ ಹಾಕಿದೀರ!"

ಅವತ್ತು ಹದಿನೈದು ಜನರಿಗೂ ಒಂದೊಂದು ಕಂತೆ ಸೊಪ್ಪು ಕೊಟ್ಟು, ಮಸ್ಸೊಪ್ಪು ಮಾಡುವುದು ಹೇಳಿಕೊಟ್ಟು ಕಳಿಸಿದಳು. ಮುಂದಿನ ಶನಿವಾರ ಅವರೇ ಮನೆ ಬಾಗಿಲಿಗೆ ಬಂದು ಕರೆದರು. ಕಲ್ಯಾಣಿ, ಬರೆದುಕೋ, ಹೀಗೆ ಎಪ್ಪತ್ತೆರಡನೇ ವಯಸ್ಸಿನಲ್ಲಿ ನಮ್ಮ ಮುನಿವೆಂಕಟಮ್ಮ ವಾಲಂಟಿಯರ್ ಆದಳು. ಆ ಪದ ಅವಳ ಬಾಯಲ್ಲಿ 'ವಾಲೆಂಟ್ರಿ' ಆಗಿದೆ. ಅವಳ ಹಿಂದೆ ನಾನೂ ಅರ್ಧ ವಾಲೆಂಟ್ರಿ, ಕಾಫಿಯ ಹೊತ್ತಿಗೆ ಪೂರ್ತಿ.

ಯಾವ ಬೀಜ ಎಲ್ಲಿ ಬಿದ್ದರೆ ಹುಟ್ಟುತ್ತದೆ, ಮಳೆನೀರು ತೋಪಿನಲ್ಲಿ ಯಾವ ಕಡೆಯಿಂದ ಹರಿಯುತ್ತದೆ, ಹುತ್ತದ ಹತ್ತಿರ ಗುದ್ದಲಿ ಯಾಕೆ ಹಾಕಬಾರದು, ಎಲ್ಲ ಅವಳೇ ಹೇಳಬೇಕು. ಗೇಟಿನ ಕೀ ಅವಳಿಗೆ ಸಿಕ್ಕಿದ್ದು ಟೆಂಪೋ ಪ್ರಸಂಗವಾದ ಮೇಲೆ. ಒಂದು ಬೆಳಗ್ಗೆ ಒಬ್ಬ ಒಂದು ಟೆಂಪೋ ತುಂಬ ಇಟ್ಟಿಗೆ ಚೂರು ತಂದ, ತೋಪಿಗೆ ಸುರಿಯಲು. ಅವಳು ಕೂಗಲಿಲ್ಲ. ಬಕೆಟ್ಟು ಬೋರಲು ಹಾಕಿ ಟೆಂಪೋದ ಮುಂದೆ ಕೂತು, ಮಡಿಲಲ್ಲಿದ್ದ ಅವರೆಕಾಯಿ ಬಿಡಿಸತೊಡಗಿದಳು.

"ಅಜ್ಜಿ, ಎದ್ದೇಳಿ, ಟೈಮಾಯ್ತು."

"ಏಳ್ತೀನಪ್ಪ, ಎರಡು ಕೆಜಿ ಇದೆ."

ಅವನು ಹತ್ತು ನಿಮಿಷ ಹಾರ್ನ್ ಹೊಡೆದ. ಆಮೇಲೆ ಇಳಿದು ಬಂದ. ಕೊನೆಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನೂ ಕಾಯಿ ಬಿಡಿಸಿದ. ಮುಗಿದಾಗ ಅವಳು ಒಂದು ಬೊಗಸೆ ಕಾಳು ಅವನ ಕರವಸ್ತ್ರಕ್ಕೆ ಕಟ್ಟಿ, "ಗಾಡಿ ತಿರುಗಿಸ್ಕೊ ಮಗ" ಎಂದಳು. ತಿರುಗಿಸಿಕೊಂಡು ಹೋದ. ಆ ಶನಿವಾರ ಸೌಮ್ಯ ಕೀಗೆ ಕೆಂಪು ದಾರ ಕಟ್ಟಿ ಅವಳ ಕೈಗಿಟ್ಟಳು.

ಈಗ ಪಾಯಿಂಟು.

ಹೋದ ಕಾರ್ತಿಕದಲ್ಲಿ ಒಂದು ಶನಿವಾರ ಸೌಮ್ಯ ಪಹಣಿಯ ಒಂದು ಪ್ರತಿ ತಂದು ಎಲ್ಲರ ಮುಂದೆ ಓದಿದಳು. "ಎಲ್ಲಾರೂ ಕೇಳಿ! ರೆಕಾರ್ಡಲ್ಲಿ ನಮ್ ತೋಪು ಕ್ಲಿಯರಾಗಿ ಬಿ ಖರಾಬು ಅಂತಿದೆ. ಸಖತ್ ನ್ಯೂಸ್!"

ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸೌಮ್ಯಳಿಗೆ ಫೋನು ಬಂತು. ಹಾಸನದಲ್ಲಿ ತಂಗಿಗೆ ಹೆರಿಗೆ ನೋವು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದಳು, ಹತ್ತು ದಿನಕ್ಕೆ.

ಮುನಿವೆಂಕಟಮ್ಮ ನೇರ ಮನೆಗೆ ಬಂದಳು. ಮೆಟ್ಟಿಲ ಮೇಲೆ ಕೂತು ಗುಡುಗಿದಳು.

"ಖರಾಬಂತೆ! ಅದಕ್ಕೆ ಚಪ್ಪಾಳೆ ಬೇರೆ! ಹಾಲು ಖರಾಬಾಗುತ್ತೆ, ಗಾಡಿ ಖರಾಬಾಗುತ್ತೆ. ಇಪ್ಪತ್ಮೂರು ಮರ ನಿಂತಿರೋ ನೆಲ ಹೆಂಗೆ ಖರಾಬಾಗುತ್ತೆ ನಾಗಲಕ್ಷ್ಮಮ್ಮ?"

ಹೊಲ ಇಟ್ಟುಕೊಂಡಿದ್ದ ಮನೆಯವಳಿಗೆ ಈ ಪದ ಗೊತ್ತಿರಲಿಲ್ಲವೇ ಅಂತ ಕೇಳಬಹುದು. ಕಾಗದ ಪತ್ರವೆಲ್ಲ ಗಂಡಸರ ಟ್ರಂಕಿನಲ್ಲಿದ್ದವು, ಹೆಂಗಸರ ಪಾಲಿಗೆ ಬಂದದ್ದು ಕಳೆ ಕೀಳುವುದು. ಇನ್ನು ನಾನು, ಪೇಟೆಯವಳು, ಬಾಲವಾಡಿ ಟೀಚರಾಗಿದ್ದವಳು. ಗೊತ್ತಿಲ್ಲ ಅಂತ ಹೇಳಿ ಅಭ್ಯಾಸವಿಲ್ಲ.

"ಬರೀ ಖರಾಬಲ್ಲ, ಬಿ ಖರಾಬು" ಎಂದೆ.

"ಬಿ ಅಂದ್ರೆ?"

"ಎ ಆದ್ಮೇಲೆ ಬರೋದು. ಎರಡನೇ ದರ್ಜೆ."

"ಅಂದ್ರೆ ಕೆಟ್ಟಿರೋದ್ರಲ್ಲೂ ನಮ್ಗೆ ಫಸ್ಟ್ ಕ್ಲಾಸ್ ಕೊಡ್ಲಿಲ್ವಾ?"

ಈ ಮಾತನ್ನು ಅವಳು ಅವತ್ತು ಹಾಲಿನ ಬೂತಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಇಸ್ತ್ರಿ ಲಕ್ಕಪ್ಪನ ಮೇಜಿನ ಮುಂದೆ, ಹೀಗೆ ಎಲ್ಲ ಕಡೆ ಹೇಳಿದಳು. ಹೇಳಿದ್ದು ರವಿಕಿರಣನ ಕಿವಿಗೂ ಬಿತ್ತು. ರವಿಕಿರಣನಿಗೆ ತೋಪಿನ ಬೇಲಿಗೆ ಅಂಟಿದಂತೆ ಶಾಮಿಯಾನದ ಅಂಗಡಿ. ತೋಪು ಇರುವ ಸರ್ವೆ ನಂಬರು ಅವರ ಮುತ್ತಾತನ ಹೆಸರಿನದು. ಹೊಲವೆಲ್ಲ ಲೇಔಟಿಗೆ ಹೋಗಿ, ಅವರಿಗೆ ಉಳಿದದ್ದು ಮನೆ ಮತ್ತು ಆ ಅಂಗಡಿ. ಕುರ್ಚಿ, ಕಂಬ, ಕಡಾಯಿ ಇಡಲು ಜಾಗ ಸಾಲದೆ ಒದ್ದಾಡುತ್ತಿದ್ದ. ಕೆಟ್ಟವನಲ್ಲ. ಜಾಗವಿಲ್ಲದವನು, ಅಷ್ಟೆ.

"ಅಜ್ಜಿ, ನೀವ್ ಹೇಳೋದು ಹಂಡ್ರೆಡ್ ಪರ್ಸೆಂಟ್ ಕರೆಕ್ಟು" ಎಂದ. "ಬಿ ತೆಗ್ಸಿ ಎ ಮಾಡ್ಸಿದ್ರೆ ಆಯ್ತು. ಒಂದಕ್ಷರದ ಕೆಲ್ಸ. ಒಂದ್ ಅರ್ಜಿ ಕೊಡೋಣ."

"ಎ ಮಾಡ್ತಾರಾ?"

"ಊರೋರೆಲ್ಲ ಸೈನ್ ಹಾಕಿದ್ರೆ ಯಾಕ್ ಮಾಡಲ್ಲ?"

ಅವನು ಹೇಳಿದ, ನಾನು ಬರೆದೆ. ಗುಂಡಗಿನ ಅಕ್ಷರ, ಎಡಕ್ಕೆ ಅಂಚು ಬಿಟ್ಟು, 'ಮೇಲ್ಕಂಡ ಬಿ ಖರಾಬನ್ನು ಎ ಖರಾಬೆಂದು ತಿದ್ದುಪಡಿ ಮಾಡಿಕೊಡಬೇಕಾಗಿ ಪ್ರಾರ್ಥನೆ'. ಒಂದೂ ಚಿತ್ತಿಲ್ಲ. ಆ ಅಕ್ಷರದ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಫೋಟೋ ತೆಗೆದಿಟ್ಟುಕೊಂಡೆ.

ಮುನಿವೆಂಕಟಮ್ಮ ಅದಕ್ಕೆ 'ಪ್ರಮೋಷನ್ ಅರ್ಜಿ' ಅಂತ ಹೆಸರಿಟ್ಟು ಮನೆಮನೆ ಸುತ್ತಿದಳು. "ಮರಕ್ಕೂ ಪ್ರಮೋಷನ್ ಬಂತಾ ಅಕ್ಕ? ನಂಗೂ ಒಂದ್ ಬರ್ಸಿ" ಅಂತ ಲಕ್ಕಪ್ಪ ನಗುತ್ತಲೇ ಸಹಿ ಹಾಕಿದ. ಯಾರೂ ಓದಲಿಲ್ಲ. ಅವಳ ಮುಖ ನೋಡಿದರು, ಹಾಕಿದರು. ನೂರ ಹನ್ನೆರಡು ಸಹಿ. ರವಿಕಿರಣ ತನ್ನ ವ್ಯಾನಿನಲ್ಲೇ ನಮ್ಮಿಬ್ಬರನ್ನೂ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಮಸಾಲೆ ದೋಸೆ ಕೊಡಿಸಿ, ವಾಪಸ್ಸು ಮನೆ ಬಾಗಿಲಿಗೆ ತಂದುಬಿಟ್ಟ. ಒಂದು ಕುರ್ಚಿಯ ಕಾಲು ಮುರಿದರೆ ಮೂರು ತಿಂಗಳು ನೆನಪಿಸುವ ಮನುಷ್ಯ. ದೋಸೆ ಬಾಯಿಗಿಡುವಾಗಲೇ ನನಗೆ ಅನುಮಾನ ಬರಬೇಕಿತ್ತು. ದೋಸೆ ಚೆನ್ನಾಗಿತ್ತು.

ಫೋಟೋವನ್ನು ನಾನೇ ವಾಟ್ಸಾಪ್ ಗುಂಪಿಗೆ ಹಾಕಿದೆ. ಸೌಮ್ಯ ಅದನ್ನು ನೋಡಿದ್ದು ಹಾಸನದಿಂದ ಬರುವ ಬಸ್ಸಿನಲ್ಲಿ. ಚೀಲದ ಸಮೇತ ನೇರ ನಮ್ಮ ಮನೆಗೇ ಬಂದಳು. ಹೊಗಳಲು ಬಂದಿದ್ದಾಳೆ ಅಂತ ಮುನಿವೆಂಕಟಮ್ಮ ನಿಪ್ಪಟ್ಟಿನ ತಟ್ಟೆ ಮುಂದಿಟ್ಟಳು.

"ಅಜ್ಜೀ... ಇದನ್ನ ಕೊಟ್ಬಿಟ್ರಾ?"

"ಕೊಟ್ವಿ. ಸೀಲ್ ಹಾಕ್ಸ್ಕೊಂಡ್ ಬಂದ್ವಿ."

ಸೌಮ್ಯ ನೆಲದ ಮೇಲೆ ಕೂತುಬಿಟ್ಟಳು. "ಖರಾಬು ಅಂದ್ರೆ ಕೆಟ್ಟಿರೋದಲ್ಲ ಅಜ್ಜಿ. ಉಳುಮೆಗೆ ಬಿಟ್ಟಿಲ್ಲ, ಕಂದಾಯ ಹಾಕಿಲ್ಲ ಅಂತ ಅರ್ಥ. ಅದ್ರಲ್ಲಿ ಎ ಅಂದ್ರೆ ಜಮೀನಿನ ಓನರ್‌ದೇ. ಬಿ ಅಂದ್ರೆ ಊರಿಗೆ ಬಿಟ್ಟಿದ್ದು, ಪಬ್ಲಿಕ್ಕು. ನಮ್ ತೋಪು ಇಷ್ಟ್ ವರ್ಷ ಉಳ್ದಿರೋದೇ ಆ ಒಂದು ಬಿ ಇಂದ."

ಮುನಿವೆಂಕಟಮ್ಮ ನಿಪ್ಪಟ್ಟೊಂದನ್ನು ಎರಡು ಚೂರು ಮಾಡಿ, ಎರಡನ್ನೂ ತಟ್ಟೆಗೇ ಹಾಕಿದಳು.

"ಅಂದ್ರೆ ಎ ಅಂದ್ರೆ ನಮ್ಮನೆ ಬಚ್ಚಲು. ಬಿ ಅಂದ್ರೆ ಬೀದಿ ನಲ್ಲಿ."

"ಹೂಂ ಅಜ್ಜಿ."

"ನಾನು ಬೀದಿ ನಲ್ಲೀನ ಕಿತ್ತು ರವಿಕಿರಣನ ಬಚ್ಚಲಿಗೆ ಹಾಕ್ಸಿ ಬಂದೆ."

ಮರುದಿನ ಬೆಳಗ್ಗೆ ಆರಕ್ಕೆ ಎಂದಿನಂತೆ ಹೋಗಿ ಗೇಟು ತೆಗೆದಳು. ಒಳಗೆ ಕಾಲಿಡಲಿಲ್ಲ. ಹೊರಗೆ ಚರಂಡಿಯ ಕಟ್ಟೆಯ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ, ಬರೆದವಳು ನಾನಲ್ಲವೇ?

ಸೌಮ್ಯ ಕಚೇರಿಗೆ ಹೋಗಿ ಬಂದಳು. ಅರ್ಜಿ ನೋಡಿದ್ದ ರೆವಿನ್ಯೂ ಇನ್‌ಸ್ಪೆಕ್ಟರ್ ಹೆಸರು ಚಲುವರಾಜು. ಸುಮ್ಮನೆ ವಾಪಸ್ ತಗೊಳ್ಳುತ್ತೇವೆ ಅಂದರೆ ಸಾಲದು, ನೂರ ಹನ್ನೆರಡು ಜನರ ಅರ್ಜಿ ಅದು ಎಂದರಂತೆ. ಗುರುವಾರ ಸ್ಥಳಕ್ಕೇ ಬಂದು ಮಹಜರು ಮಾಡುತ್ತಾರೆ. ಈ ಜಾಗವನ್ನು ಯಾರು ಹೇಗೆ ಬಳಸುತ್ತಿದ್ದರು ಅಂತ ಹಳಬರು ಹೇಳಬೇಕು. ಅದರಲ್ಲೂ ಆ ಸರ್ವೆ ನಂಬರಿನ ಮನೆಯವರೇ ಹೇಳಿದರೆ ಅದಕ್ಕೆ ತೂಕ.

ಆ ಮನೆಯಲ್ಲಿ ಹಳಬರು ಅಂತ ಉಳಿದವಳು ಒಬ್ಬಳೇ, ರವಿಕಿರಣನ ಅಜ್ಜಿ ಕೆಂಪಕ್ಕ. ಎಂಬತ್ತನಾಲ್ಕು. ಆ ಕೆಂಪಕ್ಕನಿಗೂ ಮುನಿವೆಂಕಟಮ್ಮನಿಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ. ಜಮೀನು ಜಗಳವಲ್ಲ, ಮುದ್ದೆ ಜಗಳ. ಕೆಂಪಕ್ಕನ ಮಗಳ ಬೀಗರೂಟದಲ್ಲಿ ಸಾಲಾಗಿ ಕೂತ ಬೀಗರ ಮುಂದೆ ನಮ್ಮವಳು, "ಕೆಂಪಕ್ಕ, ಮುದ್ದೇಲಿ ಗಂಟೈತೆ" ಅಂದುಬಿಟ್ಟಿದ್ದಳು. ಅಷ್ಟೆ. ಈ ಹತ್ತೊಂಬತ್ತು ವರ್ಷದಲ್ಲಿ ಎದುರಾದಾಗಲೆಲ್ಲ ಒಬ್ಬರು ಆ ಕಡೆ ರಸ್ತೆಗೆ ದಾಟುತ್ತಿದ್ದರು. ಸಾರಕ್ಕಿ ಸಿಗ್ನಲಿನ ಟ್ರಾಫಿಕ್ಕಿನಲ್ಲಿ ದಾಟುವುದು ಅಂದರೆ ಸಿಟ್ಟು ಎಷ್ಟಿರಬೇಕು ನೋಡಿ.

ಬುಧವಾರ ಮಧ್ಯಾಹ್ನ ಹೋದೆವು. ಕೆಂಪಕ್ಕ ಅಂಗಳದ ಬಿಸಿಲಲ್ಲಿ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರದು?"

"ನಾನೇ."

"ನಾನೇ ಅನ್ನೋರು ಊರಲ್ಲಿ ಶ್ಯಾನೆ ಜನ ಅವ್ರೆ."

"ಮುನಿವೆಂಕಟಮ್ಮ."

"ಯಾವ ಮುನಿವೆಂಕಟಮ್ಮ? ನನ್ ಮುದ್ದೇಲಿ ಗಂಟೈತೆ ಅಂದಿದ್ಲಲ್ಲ, ಅವಳಾ?"

"ಅವಳೇ." ಮುನಿವೆಂಕಟಮ್ಮ ಸೆರಗು ಸರಿಮಾಡಿಕೊಂಡಳು. "ಗಂಟಿರ್ಲಿಲ್ಲ ಕಣಕ್ಕ."

"ಸುಳ್ ಬೊಗಳ್ಬೇಡ. ಇತ್ತು. ಅವತ್ತು ಸೌದೆ ಹಸಿ, ಉರಿ ಹಿಡೀಲಿಲ್ಲ. ಗಂಟಿತ್ತು ಅಂತ ನಂಗೂ ಗೊತ್ತು. ಬೀಗರ ಮುಂದೆ ಯಾಕಂದೆ?"

"ಬಾಯಿ ಕಣಕ್ಕ. ಅವತ್ತೂ ಈ ಬಾಯೇ, ಈಗ್ಲೂ ಈ ಬಾಯಿಂದ್ಲೇ ಕೆಟ್ಟೆ."

ಮೊರ ನಿಂತಿತು. ಮುನಿವೆಂಕಟಮ್ಮ ಎಲ್ಲ ಹೇಳಿದಳು, ಖರಾಬು, ಪ್ರಮೋಷನ್ನು, ದೋಸೆ ಸಮೇತ. ಕೆಂಪಕ್ಕ ಕೇಳಿಸಿಕೊಂಡಳು. ಕೊನೆಗೆ, "ಅವ್ನು ನನ್ ಮೊಮ್ಮಗ ಕಣೇ. ನಾನು ಅವನ್ ಮೇಲೆ ಹೇಳ್ಲಾ?" ಎಂದಳು. ನಮ್ಮವಳು ಮೊರದಿಂದ ಚೆಲ್ಲಿದ್ದ ರಾಗಿ ಕಾಳು ಆಯತೊಡಗಿದಳು. "ಬಂದೋರು ಉಂಡ್ಕೊಂಡ್ ಹೋಗಿ" ಎಂದು ಕೆಂಪಕ್ಕ ಗೋಡೆ ಹಿಡಿದು ಎದ್ದಳು.

ಮುದ್ದೆ, ಬಸ್ಸಾರು. ಮುನಿವೆಂಕಟಮ್ಮ ತಲೆ ಬಗ್ಗಿಸಿ ಉಂಡಳು. ಕೈ ತೊಳೆದು, ನಮಸ್ಕಾರ ಹೇಳಿ, ಗೇಟು ದಾಟಿ, ಮೂಲೆ ತಿರುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಇವತ್ತೂ ಗಂಟಿತ್ತು."

ಗುರುವಾರ ತೋಪಿಗೆ ಹೋದರೆ ಅಲ್ಲಿ ಮದುವೆಮನೆ ಥರ ಶಾಮಿಯಾನ! ಸಾಹೇಬರಿಗೆ ಬಿಸಿಲು ತಾಗಬಾರದು ಅಂತ ರವಿಕಿರಣ ಇಪ್ಪತ್ತಮೂರು ಹುಣಸೆ ಮರದ ಕೆಳಗೆ ಹಳದಿ ಬಟ್ಟೆ ಕಟ್ಟಿಸಿದ್ದ. ಜರಿಯ ಕವರು ಹಾಕಿದ ಕುರ್ಚಿಗಳು, ಬಾದಾಮಿ ಹಾಲು. ಚಲುವರಾಜು ಸಾಹೇಬರು ಮೇಲೆ ನೋಡಿ, "ನೆರಳಿಗೆ ನೆರಳು ಕಟ್ಸಿದೀರಲ್ರೀ" ಎಂದು ನಕ್ಕು, ಮರದ ಬೇರಿನ ಮೇಲೆ ಕೂತರು. ಅರ್ಜಿ ಓದಿದರು. ಅಕ್ಷರ ಚೆನ್ನಾಗಿದೆ ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಮುನಿವೆಂಕಟಮ್ಮ ಎದ್ದು ನಿಂತಳು. "ಸಾರ್, ಅದು ತಪ್ಪಾಯ್ತು."

"ನೂರಾ ಹನ್ನೆರಡು ಜನಾನೂ ತಪ್ಪು ತಿಳ್ಕೊಂಡ್ರಾ ಅಜ್ಜಿ?"

"ಇಲ್ಲ ಸಾರ್, ತಪ್ಪು ತಿಳ್ಕೊಂಡಿದ್ದು ನಾನೊಬ್ಬಳೇ. ಅವ್ರೆಲ್ಲ ನನ್ ಮುಖ ನೋಡಿ ಹಾಕಿದ್ರು." ಹಿಂದೆ ನಿಂತಿದ್ದ ಲಕ್ಕಪ್ಪ ಜೋರಾಗಿ ತಲೆಯಾಡಿಸಿದ. "ನಮ್ ಮೂರೆಕರೆಗೆ ಖರಾಬು ಅಂತ ಯಾರೂ ಬರ್ದಿರ್ಲಿಲ್ಲ ಸಾರ್. ಒಳ್ಳೇ ಕೆಂಪು ಮಣ್ಣು ಅಂತ್ಲೇ ಇತ್ತು. ಹೋಯ್ತು. ಈ ರವಿಕಿರಣನ ಮನೆಯವ್ರ ಹೊಲ ಇನ್ನೂ ಒಳ್ಳೇದು, ಅದೂ ಹೋಯ್ತು. ಒಳ್ಳೇದು ಅಂತ ಬರ್ದಿದ್ದೆಲ್ಲ ಹೋಗಿ ಖರಾಬು ಅಂತ ಬರ್ದಿದ್ದೊಂದು ಉಳ್ಕೊಂಡೈತೆ. ನಾನು ಮುಟ್ಟಾಳಿ, ಅದ್ನೂ ಒಳ್ಳೇದ್ ಮಾಡಕ್ಕೋದೆ."

ರವಿಕಿರಣ ಮೆಲ್ಲಗೆ, "ಸಾರ್, ಅಜ್ಜಿಗೆ ವಯಸ್ಸಾಗಿದೆ. ಮೊನ್ನೆ ಒಂದು ಹೇಳಿದ್ರು, ಇವತ್ತೊಂದು ಹೇಳ್ತಾವ್ರೆ. ನಮ್ ಮುತ್ತಾತನ ಸರ್ವೆ ನಂಬರ್ ಇದು" ಎಂದ. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಅವರು ಏನು ಬರೆದರೂ ಅದೇ ಉಳಿಯುವುದು.

ಗೇಟಿನ ಹತ್ತಿರ ಆಟೋ ನಿಂತಿತು. ಕೋಲು ಮೊದಲು ಇಳಿಯಿತು, ಆಮೇಲೆ ಕೆಂಪಕ್ಕ. ಯಾರನ್ನೂ ನೋಡದೆ ಬಂದು, ಜರಿ ಕವರಿನ ಕುರ್ಚಿಯೊಂದನ್ನು ಕೋಲಿನಲ್ಲಿ ತಟ್ಟಿ, "ನಮ್ ಅಂಗ್ಡೀದೇನಾ? ಅಲ್ಲಾಡ್ತೈತೆ" ಎಂದು ಕೂತಳು.

"ನಿಮ್ ಮನೆಯವ್ರು ಇಲ್ಲಿ ಉತ್ತಿದ್ರಾ ಅಜ್ಜಿ?" ಎಂದು ಸಾಹೇಬರು ಕೇಳಿದರು.

"ಉತ್ತಿದ್ರೆ ಮರ ಎಲ್ಲಿರ್ತಿತ್ತಪ್ಪ? ಬರ್ಕೊ. ಊರ ದನ ಎಲ್ಲ ಮಟಮಟ ಮಧ್ಯಾಹ್ನ ಮಲಗ್ತಿದ್ದಿದ್ದು ಇಲ್ಲೇಯ. ಹುಣಸೆ ಬಡಿಯೋ ದಿವ್ಸ ಊರೇ ಬತ್ತಿತ್ತು. ಮನೆಗೊಂದು ಪಾಲು. ನಮ್ಗೂ ಒಂದೇ. ಒಂದ್ ವರ್ಷ ನಮ್ಮತ್ತೆ, ಸರ್ವೆ ನಂಬರ್ ನಮ್ದಲ್ವಾ, ಎರಡು ಪಾಲು ಹಾಕಿ ಅಂದ್ಲು. ನಮ್ಮಾವ ಎಲ್ಲಾರ ಮುಂದೆ ಬೈದ್ರು, 'ಊರ ಮರದಾಗೆ ನಿಂದೇನೇ ಹೆಚ್ಚುಗಾರಿಕೆ' ಅಂತ. ಅವ್ರ ಹೆಸರಿನ ನಂಬರೇ ಅಲ್ವಾ ಇದು? ಅವ್ರ ಬಾಯಿ ಮಾತೇ ಹೇಳ್ತಿದೀನಿ."

ಪೆನ್ನು ಓಡತೊಡಗಿತು.

"ಅಜ್ಜೀ..." ಎಂದ ರವಿಕಿರಣ.

"ಲೋ, ಕುರ್ಚಿ ಇಡಕ್ಕೆ ಜಾಗ ಬೇಕಾದ್ರೆ ನನ್ ರೂಮು ಬಿಟ್ಕೊಡ್ತೀನಿ, ಜೋಡಿಸ್ಕೊ. ನಾನು ಹಾಲಲ್ಲಿ ಬಿದ್ಕೊತೀನಿ, ಟೀವಿನಾದ್ರೂ ಕಾಣ್ಸುತ್ತೆ. ಊರ ಪಾಲಿಗೆ ಕೈ ಹಾಕ್ಬೇಡ."

ಅವನ ಕಿವಿಯೆಲ್ಲ ಕೆಂಪಾಯಿತು. ಹೋಗಿ ಶಾಮಿಯಾನದ ಹಗ್ಗ ಬಿಚ್ಚತೊಡಗಿದ. ಬಟ್ಟೆ ಸರಿದಾಗ ಹುಣಸೆಯ ಸಣ್ಣ ಸಣ್ಣ ನೆರಳು ನಮ್ಮೆಲ್ಲರ ಮೇಲೂ, ಕಾಗದದ ಮೇಲೂ ಬಿತ್ತು. ಕೆಂಪಕ್ಕ ಹೆಬ್ಬೆಟ್ಟು ಒತ್ತಿದಳು. ಮುನಿವೆಂಕಟಮ್ಮ ಸಹಿ ಹಾಕಿದಳು. ಸಾಹೇಬರು ಸೌಮ್ಯಳ ಕಡೆ ತಿರುಗಿ, "ನಿಮ್ ವಾಲಂಟಿಯರ್ಸ್‌ಗೆ ಮುಂದಿನ್ಸಲ ಓದಿ ಹೇಳುವಾಗ ಅರ್ಥಾನೂ ಹೇಳಿ ಮೇಡಂ" ಎಂದರು. ಸೌಮ್ಯ ಅದನ್ನು ಇವತ್ತಿಗೂ ಮರೆತಿಲ್ಲ. ಈಗ 'ಇಂದು ಕಾಫಿ ಇದೆ' ಅನ್ನುವುದನ್ನೂ ಎರಡು ಸಲ ಬಿಡಿಸಿ ಹೇಳುತ್ತಾಳೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಆದೇಶ ಬಂತು. ಇದ್ದ ನಮೂದಿನಲ್ಲಿ ಬದಲಾವಣೆ ಇಲ್ಲ. 'ಬಿ' ಹಾಗೇ ಇದೆ. ಮುನಿವೆಂಕಟಮ್ಮ ಆ ಸಾಲನ್ನು ನನ್ನ ಕೈಲಿ ಎರಡು ಸಲ ಓದಿಸಿದಳು. ಎರಡನೇ ಸಲ ಲಕ್ಕಪ್ಪನಿಗೆ ಕೇಳಿಸುವಂತೆ. ಅವನು ಇಸ್ತ್ರಿ ಎತ್ತಿ ಹಿಡಿದು, "ಅಕ್ಕ, ಡಿಮೋಷನ್ ಪಾರ್ಟಿ ಯಾವಾಗ?" ಎಂದ.

ಪಾರ್ಟಿಯೂ ಆಯಿತು. ಶಿವರಾತ್ರಿ ಕಳೆದ ಮೇಲೆ ಎಷ್ಟೋ ವರ್ಷದ ನಂತರ ತೋಪಿನಲ್ಲಿ ಊರೆಲ್ಲ ಸೇರಿ ಹುಣಸೆ ಬಡಿದೆವು. ಅಪಾರ್ಟ್‌ಮೆಂಟಿನವರು, ಬಾಡಿಗೆಯವರು, ಹಳೇ ಊರಿನವರು, ಎಲ್ಲರಿಗೂ ಮನೆಗೊಂದು ಪಾಲು. ಕುರ್ಚಿ ತಂದವನು ರವಿಕಿರಣ, ಅಜ್ಜಿಯ ಅಪ್ಪಣೆ. ಅವನಿಗೂ ಒಂದೇ ಪಾಲು. ಕೆಂಪಕ್ಕ ಎಲ್ಲರಿಗೂ ಮುದ್ದೆ ಮಾಡಿಸಿದ್ದಳು. ಮುನಿವೆಂಕಟಮ್ಮ ಎಲೆಯ ಮುಂದೆ ಕೂತು ಒಂದು ತುತ್ತು ಮುರಿದಾಗ ಹಳೇ ಊರಿನವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ನುಂಗಿದಳು. ನೀರು ಕುಡಿದಳು. "ಉಪ್ಪು ಹದವಾಗೈತೆ" ಎಂದಳು.

ನಿನ್ನೆ ಬೆಳಗ್ಗೆ ಶ್ವೇತ ಅಡುಗೆಮನೆಯಿಂದ, "ಅತ್ತೆ, ಹಾಲು ಖರಾಬಾಗೋಗಿದೆ" ಎಂದು ಕೂಗಿದಳು.

ಮುನಿವೆಂಕಟಮ್ಮ ಮೆಟ್ಟಿಲ ಮೇಲೆ ಕೂತು ಗೇಟಿನ ಕೀಗೆ ಹೊಸ ಕೆಂಪು ದಾರ ಸುತ್ತುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಕೆಟ್ಟೋಗಿದೆ ಅನ್ನು. ಖರಾಬು ಅನ್ಬೇಡ. ಅದು ಒಳ್ಳೇ ಮಾತು."